ಸಾಬಮ್ಮನ ಬಾಟಲಿಯ ಬಗ್ಗೆ ಅಮರಯ್ಯ ಹೇಳಿದ್ದು

ಎಲ್ಲರಿಗೂ ನಮಸ್ಕಾರ. ಅಮರಯ್ಯನವರ ಹೆಂಡತಿ ಶಂಕ್ರಮ್ಮನವರೇ, ಮಗಳು ಶಾಂಭವಿ, ಲಿಂಗಸುಗೂರಿನಿಂದ ಬಂದಿರುವ ಅವರ ಅಣ್ಣತಮ್ಮಂದಿರೇ, ನಮ್ಮ ಸಂಸ್ಥೆಯ ಗೆಳೆಯರೇ, ಈ ಸಭೆ ಕರೆದ ಕನ್ನಡ ಬಳಗದವರೇ —

ನಾನು ಭವಾನಿ. ಅಮರಯ್ಯನವರ ಜೊತೆ ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದವಳು.

ಒಂದು ಮಾತನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಇವತ್ತು ಹೇಳಲೇಬೇಕಾದದ್ದನ್ನು ಹೇಳದೆ ಕೂತುಬಿಡುವವಳಿದ್ದೆ ನಾನು. ಮೊನ್ನೆ ಶುಕ್ರವಾರ ನಮ್ಮ ಸಂಸ್ಥೆಯಲ್ಲಿ ಅಮರಯ್ಯನವರ ನೆನಪಿಗಾಗಿ ಒಂದು ಸಭೆ ನಡೆಯಿತು. ಇಂಗ್ಲಿಷಿನಲ್ಲಿ. ಅಲ್ಲಿ ನಾನು ಆರು ನಿಮಿಷ ಮಾತಾಡಿದೆ. ಶ್ರಮಜೀವಿ ಅಂದೆ. ನಂಬಿಕಸ್ಥ ಅಂದೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವರಲ್ಲ ಅಂದೆ. ಎಲ್ಲವೂ ನಿಜ. ಎಲ್ಲರೂ ತಲೆಯಾಡಿಸಿದರು. ಸಭೆ ಮುಗಿದು ಮೆಟ್ಟಿಲು ಇಳಿಯುವಾಗ ಶಂಕ್ರಮ್ಮನವರು ನನ್ನ ಕೈ ಹಿಡಿದು ಕೇಳಿದರು — "ಅಷ್ಟೊತ್ತು ಮಾತಾಡಿದ್ರಲ್ರಿ ಮೇಡಂ, ಏನ್ ಹೇಳಿದ್ರಿ ಅವ್ರ ಬಗ್ಗೆ? ನನಗ ತಿಳೀಲಿಲ್ಲ."

ಒಳ್ಳೆಯ ಕೆಲಸಗಾರ ಅಂತ ಹೇಳಿದೆ ಶಂಕ್ರಮ್ಮ, ಅಂದೆ.

"ಅದು ನನಗೂ ಗೊತ್ತಿತ್ತಲ್ರಿ," ಅಂದರು.

ಅಷ್ಟೇ. ಅವರ ದನಿಯಲ್ಲಿ ಕೊಂಕು ಇರಲಿಲ್ಲ. ಚಪ್ಪಲಿ ಹುಡುಕಿಕೊಂಡು ಹೋದರು.

ಆ ಸಂಜೆಯೂ ನನಗೆ ಬುದ್ಧಿ ಬರಲಿಲ್ಲ. ಅದೇ ಆರು ನಿಮಿಷದ ಭಾಷಣವನ್ನು ಈ ಸಭೆಗಾಗಿ ಕನ್ನಡದಲ್ಲಿ ಬರೆದಿಟ್ಟುಕೊಂಡೆ. ಆ ಹಾಳೆ ಇದು. ನಿನ್ನೆ ಬೆಳಿಗ್ಗೆ ಗಟ್ಟಿಯಾಗಿ ಓದಿ ನೋಡಿದೆ — ಅರ್ಧದಲ್ಲೇ ನಿಲ್ಲಿಸಿದೆ. ಇದನ್ನು ಮಡಿಚಿ ಇಡುತ್ತೇನೆ. ನಾನು ಓದಿದ್ದು ಇಂಗ್ಲಿಷ್ ಶಾಲೆಗಳಲ್ಲಿ. ಕಷ್ಟದ ವಿಷಯ ಬಂದಾಗ ಇಂಗ್ಲಿಷಿನ ಹಿಂದೆ ನಿಂತುಕೊಳ್ಳುವುದು ನನಗೆ ಅಭ್ಯಾಸ. ಇವತ್ತು ತಡವರಿಸಿದರೂ ಕನ್ನಡದಲ್ಲೇ ಹೇಳುತ್ತೇನೆ.

ಅಮರಯ್ಯನವರು ನಮ್ಮ ಸಂಶೋಧನಾ ಸಂಸ್ಥೆಗೆ ನಮ್ಮೆಲ್ಲರಿಗಿಂತ ಮೊದಲು ಬಂದವರು — ಕಟ್ಟಡಕ್ಕಿಂತಲೂ ಮೊದಲು. ಅದರ ಎರಡನೇ ಅಂತಸ್ತಿಗೆ ಇಟ್ಟಿಗೆ ಹೊತ್ತವರಲ್ಲಿ ಅವರೂ ಒಬ್ಬರು. ಅವರ ಜೊತೆ ಇಟ್ಟಿಗೆ ಹೊತ್ತವರು ಆಮೇಲೆ ಗಚ್ಚಿಬೌಲಿಯ ಗಾಜಿನ ಕಟ್ಟಡಗಳಿಗೆ ಹೋದರು, ಈಗ ಶಂಶಾಬಾದಿನ ಹೊಸ ವಿಮಾನ ನಿಲ್ದಾಣಕ್ಕೆ. ಕೆಲವರು ಇಲ್ಲೇ ಹಿಂದಿನ ಸಾಲಿನಲ್ಲಿದ್ದೀರಿ, ನಮಸ್ಕಾರ. ಅಮರಯ್ಯನವರು ಮಾತ್ರ ತಾವು ಕಟ್ಟಿದ ಕಟ್ಟಡದಲ್ಲೇ ಕಸ ಗುಡಿಸುವ ಕೆಲಸಕ್ಕೆ ನಿಂತರು. ನಮ್ಮ ಕೋಣೆಯ ಕಿಟಕಿ ಬೆರಳಷ್ಟು ಓರೆಯಾಗಿದೆ. ಹೊಸಬರು ಯಾರಾದರೂ ಅದನ್ನು ನೋಡಿ ನಕ್ಕರೆ, ನೆಲ ಒರೆಸುತ್ತಲೇ ತಲೆ ಎತ್ತಿ ಹೇಳುತ್ತಿದ್ದರು — "ಅದು ನಾನ ಇಟ್ಟ ಇಟ್ಟಂಗಿರಿ. ಮೇಸ್ತ್ರಿ ಊಟಕ್ಕ ಹೋಗಿದ್ದ."

ಕಸ ಗುಡಿಸುವುದರಿಂದ ಪ್ರಯೋಗಾಲಯದ ಗಾಜಿನ ಸಾಮಾನು ತೊಳೆಯುವುದಕ್ಕೆ, ಅಲ್ಲಿಂದ ಬಾಟಲಿಗಳ ಆರೈಕೆಗೆ. ಈ ಬಾಟಲಿಗಳ ವಿಷಯ ಇಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ. ರೋಗಿಯ ಗಡ್ಡೆಯಿಂದ ಸಾಸಿವೆಕಾಳಿನಷ್ಟು ತುಣುಕು ತೆಗೆದು, ಅದರ ಜೀವಕೋಶಗಳನ್ನು ಚಪ್ಪಟೆ ಬಾಟಲಿಯಲ್ಲಿ ಬೆಳೆಸುತ್ತೇವೆ. ಮನುಷ್ಯನ ಮೈಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿಡುತ್ತೇವೆ. ಆಹಾರಕ್ಕೆ ಒಂದು ಕೆಂಪು ನೀರು ಹಾಕುತ್ತೇವೆ. ಕೋಶಗಳು ತಿಂದು ಮುಗಿಸಿದಾಗ ಆ ನೀರು ಹಳದಿಗೆ ತಿರುಗುತ್ತದೆ. ಇಷ್ಟು ನನಗೆ ಪುಸ್ತಕ ಕಲಿಸಿತ್ತು. ಅಮರಯ್ಯನವರು ಬಾಗಿಲಲ್ಲೇ ನಿಂತು — ಹೀಗೆ, ಕುತ್ತಿಗೆ ಚಾಚಿ — ಮೂರನೇದು ಹಸಿದೈತಿ, ಐದನೇದಕ್ಕ ಇವತ್ತು ಮೈ ಸರಿ ಇಲ್ಲ, ಅನ್ನುತ್ತಿದ್ದರು. ಹೋಗಿ ನೋಡಿದರೆ ಹಾಗೇ ಇರುತ್ತಿತ್ತು.

ಅವರಿಗೆ ಎರಡು ನಿಯಮಗಳಿದ್ದವು. ನಮ್ಮ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಇಪ್ಪತ್ತು ನಿಯಮಗಳಿವೆ, ಅವರವು ಎರಡೇ. ನಿಧಾನವಾಗಿ ಬೆಳೆಯುವವನ್ನು ಮುಂಜಾನೆ ಮುಟ್ಟಬೇಕು, ಓಡುವವನ್ನು ಮಧ್ಯಾಹ್ನ. ಮತ್ತೆ, ಒಂದು ಬಗೆಯ ಕೋಶಕ್ಕೆ ತೆರೆದ ಕೆಂಪು ನೀರನ್ನು ಇನ್ನೊಂದಕ್ಕೆ ಹಾಕಬಾರದು. ಯಾಕೆ ಅಂತ ಒಮ್ಮೆ ನಮ್ಮ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಅವರು ಕೊಟ್ಟ ಉತ್ತರ ನನಗೆ ಈಗಲೂ ಬಾಯಿಪಾಠ — "ಒಬ್ಬರ ಮನಿ ಹೆಪ್ಪು ಇನ್ನೊಬ್ಬರ ಹಾಲಿಗೆ ಒಂದ್ ಹನಿ ಬಿದ್ರ ಸಾಕವ್ವ, ಮುಂಜಾನೆಷ್ಟೊತ್ತಿಗೆ ಗಡಿಗಿ ತುಂಬ ಅವರ ಮನಿ ಮೊಸರ."

ಈ ಹೆಪ್ಪಿನ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

೨೦೦೩ರ ಡಿಸೆಂಬರ್. ಸಾಬಮ್ಮ ಅಂತ ಒಬ್ಬರು. ಶಹಾಪುರದ ಕಡೆಯವರು, ಗಚ್ಚಿಬೌಲಿಯಲ್ಲಿ ಕಟ್ಟಡದ ಕೆಲಸಕ್ಕೆ ಮರಳು ಹೊರುತ್ತಿದ್ದವರು. ದವಡೆಯಲ್ಲಿ ತಂಬಾಕು ಇಟ್ಟೂ ಇಟ್ಟೂ ಬಾಯಲ್ಲಿ ಹುಣ್ಣು. ಆಸ್ಪತ್ರೆಗೆ ಬರುವಷ್ಟರಲ್ಲಿ ಅದು ಕ್ಯಾನ್ಸರ್ ಆಗಿತ್ತು. ಹುಣ್ಣಿನ ತುಣುಕು ಕೊಡಲು ಅವರ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರ ಇದ್ದದ್ದು ಇಂಗ್ಲಿಷಿನಲ್ಲಿ ಮತ್ತು ತೆಲುಗಿನಲ್ಲಿ. ನನ್ನ ಮೈಸೂರಿನ ಕನ್ನಡ ಅವರಿಗೆ ಹತ್ತಲಿಲ್ಲ. ಅಮರಯ್ಯನವರನ್ನು ಕರೆಸಿದೆವು. ಅವರು ಮಂಚದ ಪಕ್ಕ ನೆಲದ ಮೇಲೆ ಕೂತರು. ಎರಡು ಪುಟದ ಪತ್ರ ಓದಿ ಹೇಳಲು ಒಂದು ಗಂಟೆ ಹಿಡಿಯಿತು.

"ನನ್ನ ಹುಣ್ಣು ತಗೊಂಡು ಏನ್ ಮಾಡ್ತೀಯೋ?" ಅಂದರು ಸಾಬಮ್ಮ.

"ಬೆಳಸ್ತೀವಬೇ."

"ಹುಣ್ಣು ಯಾರರ ಬೆಳಸ್ತಾರೇನೋ ಮೂಳ? ಕಳಕೋಬೇಕಂತ ನಾ ಇಲ್ಲಿ ಬಂದು ಬಿದ್ದೀನಿ."

"ಕಳಿ ಯಾವುದು, ಬೆಳಿ ಯಾವುದು ಅಂತ ಗೊತ್ತಾದ್ರಲ್ಲೇನಬೇ ಕೀಳಾಕ ಬರೂದು? ನಿಂದು ಬೆಳಸಿ, ಯಾವ ಔಷಧಕ್ಕ ಸಾಯ್ತೈತಿ ನೋಡ್ತೀವಿ. ನಿನಗ ಆಗಲಿಲ್ಲಂದ್ರೂ ನಿನ್ನ ಹಿಂದ ಬರೋರಿಗೆ ಆಕ್ಕೈತಿ."

ಸಾಬಮ್ಮ ಹೆಬ್ಬೆಟ್ಟು ಚಾಚಿದರು. ಶಾಯಿ ಹಚ್ಚುವಾಗ ಒಂದು ಮಾತು ಹೇಳಿದರು — "ತಗೋ ಹಂಗಾರ. ಆದ್ರ ಅಲ್ಲಿ ಯಾರ್ಯಾರ ಹುಣ್ಣು ಇರ್ತಾವೋ ಏನೋ. ಅದ್ರಾಗ ನಂದು ಕೂಡಸಬ್ಯಾಡ."

ನಾವೆಲ್ಲ ನಕ್ಕೆವು. ಅಮರಯ್ಯನವರು ನಗಲಿಲ್ಲ. "ಕೂಡಸಂಗಿಲ್ಲಬೇ," ಅಂತ ಮಾತು ಕೊಟ್ಟರು.

ಸಾಬಮ್ಮನ ಕೋಶಗಳು ಬಹಳ ನಿಧಾನ. ಮೂರು ತಿಂಗಳು ಬದುಕುತ್ತವೋ ಇಲ್ಲವೋ ಅನ್ನುವಂತಿದ್ದು, ೨೦೦೪ರ ಮಾರ್ಚಿನಲ್ಲಿ ನೆಲೆ ನಿಂತವು. ನಾವು ಅವಕ್ಕೆ ಒಂದು ನಂಬರ್ ಕೊಟ್ಟೆವು. ಅಮರಯ್ಯನವರು ನಂಬರಿನ ಕೆಳಗೆ ಕನ್ನಡದಲ್ಲಿ "ಸಾಬಮ್ಮ" ಅಂತ ಬರೆದರು. ರೋಗಿಯ ಹೆಸರು ಬರೆಯಬಾರದು ಅಂತ ನಾನು ಗದರಿದೆ. ಅವರು ಸ್ಪಿರಿಟ್ಟಿನಲ್ಲಿ ಅಳಿಸಿ, ಅದೇ ಜಾಗದಲ್ಲಿ ಒಂದು ಹಸಿರು ಬೊಟ್ಟು ಇಟ್ಟರು. ಸಾಬಮ್ಮನ ಹಣೆಯಲ್ಲಿ ಹಚ್ಚೆಯ ಹಸಿರು ಬೊಟ್ಟಿತ್ತು. "ಹೆಸರಿಲ್ರಿ, ಬೊಟ್ಟು," ಅಂದರು.

ಈಗ ಹೇಳಬೇಕಾದದ್ದು —

ಆ ಮೇ ತಿಂಗಳಲ್ಲಿ ಅಮರಯ್ಯನವರು ತಂಗಿಯ ಮಗಳ ಮದುವೆಗೆ ನಾಲ್ಕು ದಿನ ಊರಿಗೆ ಹೋಗಿದ್ದರು. ಬಾಟಲಿಗಳನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಮೂರನೇ ದಿನ ನನಗೆ ಸಂಜೆಯ ವಿಮಾನ ಹಿಡಿಯಬೇಕಿತ್ತು, ದೆಹಲಿಯಲ್ಲಿ ಸಮ್ಮೇಳನ. ಓಡುವ ಕೋಶಗಳಿಗೆ ಮೊದಲು ಆಹಾರ ಹಾಕಿದೆ. ಎಷ್ಟೋ ದಶಕಗಳ ಹಿಂದೆ ಯಾವುದೋ ದೇಶದ ಯಾರದೋ ಗಡ್ಡೆಯಿಂದ ಬಂದು, ಲೋಕದ ಪ್ರಯೋಗಾಲಯಗಳಲ್ಲೆಲ್ಲ ಬೆಳೆಯುತ್ತಿರುವ ಕೋಶಗಳು ಅವು, ನಮ್ಮಲ್ಲೂ ಇದ್ದವು. ಆಮೇಲೆ ಸಾಬಮ್ಮನ ಬಾಟಲಿ ತೆಗೆದೆ. ಹೊಸ ಕೆಂಪು ನೀರು ಬೆಚ್ಚಗಾಗಲು ಅರ್ಧ ಗಂಟೆ ಬೇಕು. ಆ ಓಡುವವಕ್ಕೆ ತೆರೆದದ್ದು ಕೈಯಲ್ಲೇ ಇತ್ತು. ಅದನ್ನೇ ಹಾಕಿದೆ.

ನನಗೆ ಗೊತ್ತಾಗದೆ ಆದದ್ದು ಅಂತ ಇವತ್ತು ಹೇಳಿದರೆ ನೀವು ನಂಬುತ್ತೀರಿ. ಆದರೆ ಗೊತ್ತಿತ್ತು. ಕೈ ಒಂದು ಕ್ಷಣ ನಿಂತಿತ್ತು. ಒಂದು ಸಲಕ್ಕೆ ಏನಾಗುತ್ತದೆ ಅಂದುಕೊಂಡೆ.

ಜೂನಿನಲ್ಲಿ ಒಂದು ಮುಂಜಾನೆ ಅಮರಯ್ಯನವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ನನ್ನನ್ನು ಕರೆದು ಹೇಳಿದರು — "ಮೇಡಂ, ಇವು ಸಾಬಮ್ಮನವು ಅಲ್ಲರಿ."

ನಾನು ನೋಡಿದೆ. ಕೋಶಗಳು ಚೆನ್ನಾಗಿದ್ದವು. ಮೊದಲಿಗಿಂತ ಬೇಗ ಬೆಳೆಯುತ್ತಿದ್ದವು. ನನಗೆ ಅದು ಸಂತೋಷದ ವಿಷಯವಾಗಿತ್ತು.

"ಆಕಿವು ಒಂದಕ್ಕೊಂದು ತಗಲಿ ಕುಂದ್ರತಿದ್ವು, ಸಂತ್ಯಾಗ ಹೆಣ್ಮಕ್ಕಳು ಕುಂತಂಗ. ಇವು ನೋಡ್ರಿ, ಬಸ್ ಸ್ಟ್ಯಾಂಡಿನ್ಯಾಗ ಓಡಾಕತ್ತಂಗ ಓಡಾಕತ್ತಾವು."

ಬಹಳ ದಿನ ಬೆಳೆಸಿದರೆ ಕೋಶಗಳು ರೂಪ ಬದಲಿಸುತ್ತವೆ ಅಮರಯ್ಯ, ಪುಸ್ತಕದಲ್ಲಿದೆ, ಅಂದೆ.

"ರೂಪ ಬದಲಾಗಲಿ ಬಿಡ್ರಿ. ನಡಿಗಿ ಬದಲಾಗತೈತೇನ್ರಿ?"

ಆಗ ನಾನು ಒಂದು ಮಾತು ಹೇಳಿದೆ. ಶಂಕ್ರಮ್ಮ, ಈ ಮಾತನ್ನು ಅವರು ನಿಮ್ಮ ಮುಂದೆ ಹೇಳಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. "ಅಮರಯ್ಯ, ನೀವು ತೊಳೆಯುವ ಕೆಲಸ ನೋಡಿಕೊಳ್ಳಿ" — ಹೀಗೆ ಹೇಳಿದೆ. ದನಿ ಏರಿಸಿರಲಿಲ್ಲ. ಏರಿಸಿದ್ದರೆ ಎಷ್ಟೋ ವಾಸಿಯಿತ್ತು.

ಅವರು ಹೋಗಿ ತೊಳೆದರು. ಅವತ್ತು ಗಾಜಿನ ಸದ್ದು ಕೂಡ ಕೇಳಲಿಲ್ಲ, ಅಷ್ಟು ಮೆಲ್ಲಗೆ.

೨೦೦೬ರಲ್ಲಿ ನಮ್ಮ ಲೇಖನ ಹೊರದೇಶದ ಒಂದು ಪತ್ರಿಕೆಯಲ್ಲಿ ಬಂತು. ಇಂಥ ಒಂದು ಔಷಧ ಬಾಯಿ ಕ್ಯಾನ್ಸರಿನ ಕೋಶಗಳನ್ನು ಚೆನ್ನಾಗಿ ಕೊಲ್ಲುತ್ತದೆ ಅಂತ. ನನ್ನ ಹೆಸರು ಮೊದಲು, ಸಹೋದ್ಯೋಗಿಯೊಬ್ಬರದು ನಡುವೆ, ನಮ್ಮ ವಿಭಾಗದ ಮುಖ್ಯಸ್ಥರದು ಕೊನೆಗೆ. ಅಮರಯ್ಯನವರ ಹೆಸರು ಎಲ್ಲೂ ಇರಲಿಲ್ಲ. ಆ ಕೋಶಗಳನ್ನು ದೇಶದ ಮೂರು ಪ್ರಯೋಗಾಲಯಗಳು ಕೇಳಿದವು. ಮೂರು ಡಬ್ಬಿಗಳನ್ನೂ ಕಟ್ಟಿದವರು ಅಮರಯ್ಯನವರೇ. ಕೋಶ ತುಂಬಿದ ಯಾವ ಪುಟ್ಟ ಕೊಳವೆಯ ಮೇಲೂ ಅವರು ಹಸಿರು ಬೊಟ್ಟು ಇಟ್ಟಿರಲಿಲ್ಲ. ನಾನು ಅದನ್ನು ಗಮನಿಸಿದೆ. ಯಾಕೆ ಅಂತ ಕೇಳಲಿಲ್ಲ.

ಈ ಕೆಲವು ವರ್ಷಗಳಲ್ಲಿ ನಮ್ಮ ಶಾಸ್ತ್ರ ಓಡಿದ ವೇಗ ಈ ನಗರ ಬೆಳೆದ ವೇಗಕ್ಕಿಂತ ಕಡಿಮೆಯಲ್ಲ. ಮನುಷ್ಯನ ಡಿಎನ್ಎಯನ್ನು ಇಡಿಯಾಗಿ ಓದಿ ಮುಗಿಸಿದ್ದಾರೆ. ಎರಡು ಕೋಶಗಳು ಒಬ್ಬನೇ ಮನುಷ್ಯನವೋ ಅಲ್ಲವೋ ಅಂತ, ಪೊಲೀಸರು ಬೆರಳಚ್ಚು ನೋಡುವ ಹಾಗೆ, ಡಿಎನ್ಎ ನೋಡಿ ಹೇಳುವ ಪರೀಕ್ಷೆ ಈಗ ನಮ್ಮ ಊರಲ್ಲೇ ಆಗುತ್ತದೆ. ಹೋದ ಜುಲೈನಲ್ಲಿ ಹೊರದೇಶದ ಒಂದು ಪ್ರಯೋಗಾಲಯ ನಮ್ಮ ಕೋಶಗಳನ್ನು ಕೇಳುತ್ತಾ, ಅವು ಆ ರೋಗಿಯವೇ ಎಂಬುದಕ್ಕೆ ಈ ಪರೀಕ್ಷೆಯ ಪುರಾವೆ ಬೇಕು ಅಂದಿತು. ಸಾಬಮ್ಮನ ರಕ್ತದ ಒಣಗಿದ ತೊಟ್ಟು ೨೦೦೩ರಲ್ಲೇ ತೆಗೆದಿಟ್ಟ ಕಾಗದದ ಕಾರ್ಡಿನಲ್ಲಿತ್ತು. ಬೆಳೆಯುತ್ತಿರುವ ಕೋಶಗಳಿದ್ದವು. ಎಲ್ಲಕ್ಕಿಂತ ಹಳೆಯ ಕೊಳವೆ ಏನಾದರೂ ಉಳಿದಿದೆಯೇ ಅಂತ ಅಮರಯ್ಯನವರನ್ನು ಕೇಳಿದೆ.

ಕೋಶಗಳನ್ನು ಮೈನಸ್ ನೂರ ತೊಂಬತ್ತಾರು ಡಿಗ್ರಿಯ ದ್ರವದ ತೊಟ್ಟಿಯಲ್ಲಿ ಮಲಗಿಸಿಡುತ್ತೇವೆ, ವರ್ಷಗಟ್ಟಲೆ ಇರುತ್ತವೆ. ಆ ತೊಟ್ಟಿಯಲ್ಲಿ ಯಾವುದು ಎಲ್ಲಿದೆ ಅನ್ನುವುದಕ್ಕೆ, ಇಲ್ಲಿ ಕೂತಿರುವ ಚಂದ್ರಹಾಸ ಅವರು ತಮ್ಮ ಸಾಫ್ಟ್‌ವೇರ್ ಕೆಲಸದ ನಡುವೆ ಭಾನುವಾರಗಳಲ್ಲಿ ಬಂದು ನಮಗೊಂದು ಕಂಪ್ಯೂಟರ್ ಪಟ್ಟಿ ಮಾಡಿಕೊಟ್ಟಿದ್ದರು. ಆ ಪಟ್ಟಿಯಲ್ಲಿ ಹಳೆಯ ಕೊಳವೆ ಒಂದೂ ಇರಲಿಲ್ಲ. ೨೦೦೫ರಲ್ಲಿ ತೊಟ್ಟಿ ಖಾಲಿ ಮಾಡುವಾಗ ಹಳೆಯವನ್ನೆಲ್ಲ ಬಿಸಾಡಲು ನಾನೇ ಹೇಳಿದ್ದೆ. ಅಮರಯ್ಯನವರು ಕೈಗವಸು ಹಾಕಿಕೊಂಡು, ತಳದ ಅರೆಯಿಂದ ಒಂದು ಕೊಳವೆ ತೆಗೆದುಕೊಟ್ಟರು. ಮುಚ್ಚಳದ ಮೇಲೆ ಹಸಿರು ಬೊಟ್ಟು. ಮೇಲೆ ೨೦೦೪ರ ಏಪ್ರಿಲ್ ತಿಂಗಳ ತಾರೀಕು — ಮದುವೆಗೆ ಹೋಗುವ ಮೊದಲಿನದು.

"ಬಿಸಾಡ್ರಿ ಅಂದಿದ್ರಿ ನೀವು," ಅಂದರು. "ನಾ ಮರತೆ. ಇನ್ನೂ ಒಂದು ಮರತೀನಿ, ಅಲ್ಲೇ ಐತಿ."

ಆಗಸ್ಟ್ ಹದಿನಾಲ್ಕಕ್ಕೆ ವರದಿ ಬಂತು. ಹಸಿರು ಬೊಟ್ಟಿನ ಕೊಳವೆಯಲ್ಲಿದ್ದದ್ದು ಸಾಬಮ್ಮನ ಕೋಶ. ನಾವು ಮೂರು ವರ್ಷದಿಂದ ಬೆಳೆಸಿದ್ದು, ಲೇಖನದಲ್ಲಿ ಬರೆದದ್ದು, ಮೂರು ಕಡೆ ಕಳಿಸಿದ್ದು — ಅದರಲ್ಲಿ ಸಾಬಮ್ಮ ಒಂದಿಷ್ಟೂ ಇರಲಿಲ್ಲ. ಎಲ್ಲವೂ ಆ ಓಡುವ ಕೋಶಗಳು. ಒಂದು ಹನಿ ಹೆಪ್ಪು. ಗಡಿಗೆ ತುಂಬ ಇನ್ನೊಬ್ಬರ ಮನೆಯ ಮೊಸರು.

ನಾನು ಆ ವರದಿಯನ್ನು ಮೇಜಿನ ಖಾನೆಯಲ್ಲಿಟ್ಟೆ. ಮುಖ್ಯಸ್ಥರಿಗೆ ತೋರಿಸಿದೆ, ನಮ್ಮ ಯೋಜನೆಯ ಅವಧಿ ಮುಂದುವರಿಸುವ ತೀರ್ಮಾನ ಮಾರ್ಚಿನಲ್ಲಿದೆ, ಅಲ್ಲಿಯ ತನಕ ತಡೆಯೋಣ ಅಂದರು. ನಾನು ಒಪ್ಪಿದೆ. ಅವರು ಬಲವಂತ ಮಾಡಿದರು ಅಂತ ಹೇಳಲಾರೆ. ಯಾರಾದರೂ ತಡೆಯೋಣ ಅನ್ನಲಿ ಅಂತ ಬಯಸಿಯೇ ಅವರ ಬಾಗಿಲು ತಟ್ಟಿದ್ದೆನೇನೋ.

ಸೆಪ್ಟೆಂಬರಿನಲ್ಲಿ ಅಮರಯ್ಯನವರ ಕಿಡ್ನಿ ತೊಂದರೆ ಶುರುವಾಯಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಉಳಿದ ದಿನ ಕೆಲಸಕ್ಕೆ ಬರುತ್ತಿದ್ದರು. ಒಂದು ದಿನ ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದರು — "ವರದಿ ಬಂತೇನ್ರಿ ಮೇಡಂ?"

"ಇನ್ನೂ ಇಲ್ಲ ಅಮರಯ್ಯ," ಅಂದೆ.

ಡಿಸೆಂಬರಿನಲ್ಲಿ ಆಸ್ಪತ್ರೆಗೆ ಹೋಗಿದ್ದೆ. ಶಾಂಭವಿ, ನೀನು ಅಲ್ಲೇ ಸೇಬು ಹೆಚ್ಚುತ್ತಿದ್ದೆ. ಏನು ಮಾತಾಡುವುದು ತಿಳಿಯದೆ ನಾನು ಹೊಸ ಸುದ್ದಿಯೊಂದನ್ನು ಹೇಳಿದೆ. ಚರ್ಮದ ಕೋಶವನ್ನು ಹಿಂದಕ್ಕೆ ನಡೆಸಿ, ಭ್ರೂಣದ ಕೋಶದ ಹಾಗೆ ಮಾಡಿದ್ದಾರೆ ಅಮರಯ್ಯ, ಮುಂದೊಂದು ದಿನ ಅದರಿಂದ ಯಾವ ಅಂಗ ಬೇಕಾದರೂ ಬೆಳೆಸಬಹುದೇನೋ, ಅಂದೆ. ಅವರು ತೋಳು ಚಾಚಿದರು, ಹೀಗೆ — "ಹಂಗಾರ ನನ್ನ ಚರ್ಮ ತಗೊಂಡು ಒಂದು ಕಿಡ್ನಿ ಹಚ್ಚಿಡ್ರಿ ಮೇಡಂ. ಸ್ವಲ್ಪ ಅವಸರ ಐತಿ."

ಮೂವರೂ ನಕ್ಕೆವು. ಆಮೇಲೆ ಮತ್ತೆ ಕೇಳಿದರು, ವರದಿ ಬಂತೇನ್ರಿ ಅಂತ.

"ಬರುತ್ತೆ," ಅಂದೆ.

"ಬರಲಿ ಬಿಡ್ರಿ. ನಿಮ್ಮ ಕೈಗೆ ಬಂದ್ರ ಆತು," ಅಂದು ಕಣ್ಣು ಮುಚ್ಚಿಕೊಂಡರು.

ಜನವರಿ ಎಂಟರಂದು ಅವರು ತೀರಿಕೊಂಡರು.

ಸಂಕ್ರಾಂತಿಯ ಮರುದಿನ ಶಾಂಭವಿ ನನ್ನ ಮನೆಗೆ ಬಂದಳು. ಇವಳು ಬಿ.ಎಸ್ಸಿ. ಎರಡನೇ ವರ್ಷ, ನಿಮಗೆ ಗೊತ್ತು. ಅಪ್ಪನ ನೋಟುಬುಕ್ಕು ತಂದಿದ್ದಳು, ಸಂಸ್ಥೆಗೆ ಬೇಕಾದೀತು ಅಂತ. ಚಂದ್ರಹಾಸರ ಕಂಪ್ಯೂಟರ್ ಪಟ್ಟಿ ಬಂದ ಮೇಲೂ ಅಮರಯ್ಯನವರು ಬರೆಯುವುದನ್ನು ಬಿಟ್ಟಿರಲಿಲ್ಲ. ದಿನಕ್ಕೆ ನಾಲ್ಕೈದು ಸಾಲು. ಯಾವ ಬಾಟಲಿ, ಯಾವ ಬಣ್ಣ, ಯಾರು ಆಹಾರ ಹಾಕಿದರು. ನಾನು ನೇರವಾಗಿ ೨೦೦೪ರ ಜೂನಿಗೆ ತಿರುಗಿಸಿದೆ. ನನ್ನ ಮಾತನ್ನು ಬರೆದಿರುತ್ತಾರೆ ಅಂದುಕೊಂಡಿದ್ದೆ. ಇರಲಿಲ್ಲ. "ಸಾಬಮ್ಮನ ಬಾಟಲಿ ಸಾಬಮ್ಮಂದಲ್ಲ. ಮೇಡಂಗೆ ಹೇಳೀನಿ" — ಇಷ್ಟೇ ಇತ್ತು.

ಆಮೇಲೆ ಕೊನೆಯ ಪುಟಗಳಿಗೆ ಬಂದೆ. ೨೦೦೭ರ ಆಗಸ್ಟ್ ಹದಿನಾಲ್ಕು. ಓದುತ್ತೇನೆ —

"ಕೊರಿಯರ್ ಬಂತು. ಡಿಎನ್ಎ ವರದಿ. ಗೇಟಿನ್ಯಾಗ ಸಹಿ ಮಾಡಿ ಮೇಡಂ ಮೇಜಿನ ಮ್ಯಾಲ ಇಟ್ಟೆ. ಮೇಡಂ ಹೇಳ್ತಾರ."

ಗೇಟಿನಿಂದ ಟಪಾಲು ತರುತ್ತಿದ್ದವರು ಅಮರಯ್ಯನವರೇ. ನಮ್ಮ ಕಾಗದಗಳನ್ನು ಅಂಚೆಗೆ ಹಾಕಿ, ರಸೀದಿಯನ್ನು ಜೇಬಿನಿಂದ ತೆಗೆದುಕೊಡುತ್ತಿದ್ದವರೂ ಅವರೇ. ಹನ್ನೊಂದು ವರ್ಷ ನೋಡಿದವಳು ನಾನು. ಸುಳ್ಳು ಹೇಳುವಾಗ ಅದನ್ನೇ ಮರೆತಿದ್ದೆ.

ಅಂದರೆ ಕಾರಿಡಾರಿನಲ್ಲಿ ಕೇಳಿದಾಗ ಅವರಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಕೇಳಿದಾಗಲೂ ಗೊತ್ತಿತ್ತು. ವರದಿ ಬಂತೇ ಅಂತ ಅವರು ಕೇಳುತ್ತಿರಲಿಲ್ಲ. ನನಗೆ ಹೇಳಲು ಅವಕಾಶ ಕೊಡುತ್ತಿದ್ದರು. ಒಂದು ಸಲ ಅಲ್ಲ — ಎರಡು ಸಲ.

ಆ ನೋಟುಬುಕ್ಕು ಓದಿದ್ದು ಬುಧವಾರ. ಶುಕ್ರವಾರದ ಸಭೆಯಲ್ಲಿ ನಾನು "ನಂಬಿಕಸ್ಥ" ಅಂದದ್ದು ಅದನ್ನು ಓದಿದ ಮೇಲೆ. ಇದನ್ನು ಹೇಗೆ ವಿವರಿಸಬೇಕೋ ನನಗೆ ತಿಳಿಯದು. ವಿವರಿಸುವುದೂ ಇಲ್ಲ.

ಇದೆಲ್ಲ ಇಷ್ಟು ದೊಡ್ಡ ವಿಷಯವೇ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಒಂದು ಬಾಟಲಿ ಇನ್ನೊಂದಾಯಿತು, ಅಷ್ಟೇ ತಾನೇ? ಆದರೆ ಆ ಔಷಧ ಕೊಂದದ್ದು ಬಾಯಿಯ ಹುಣ್ಣಿನ ಕೋಶಗಳನ್ನಲ್ಲ. ಆ ಮೂರು ಪ್ರಯೋಗಾಲಯಗಳು ನಮ್ಮ ಲೇಖನವನ್ನು ನಂಬಿ ವರ್ಷಗಟ್ಟಲೆ ಕೆಲಸ ಮಾಡಿವೆ. ಅದರ ಮುಂದಿನ ಹೆಜ್ಜೆ ಇಲಿಗಳು, ಅದರ ಮುಂದಿನದು ರೋಗಿಗಳು. ಮರಳು ಹೊರುವವರು, ದವಡೆಯಲ್ಲಿ ತಂಬಾಕು ಇಟ್ಟುಕೊಳ್ಳುವವರು — ಈ ಸಭೆಯಲ್ಲಿರುವ ಎಷ್ಟೋ ಮನೆಗಳವರು. "ನಿನ್ನ ಹಿಂದ ಬರೋರಿಗೆ" ಅಂತ ಅಮರಯ್ಯನವರು ಸಾಬಮ್ಮನಿಗೆ ಹೇಳಿದ್ದು ಅವರನ್ನೇ. ಸಾಬಮ್ಮ ೨೦೦೫ರಲ್ಲಿ ತೀರಿಕೊಂಡರು. ಮಾತು ಕೊಟ್ಟವರು ಅಮರಯ್ಯ. ಅದನ್ನು ಮುರಿದದ್ದು ನನ್ನ ಕೈ.

ಇನ್ನೊಂದು ಪ್ರಶ್ನೆಯನ್ನು ನಿನ್ನೆಯಿಂದ ಕೇಳಿಕೊಳ್ಳುತ್ತಿದ್ದೇನೆ. ನಮ್ಮ ಮುಖ್ಯಸ್ಥರಿಗೆ ಕನ್ನಡ ಬರುವುದಿಲ್ಲ. ಆ ಪತ್ರಿಕೆಯವರಿಗೆ ಬರುವುದಿಲ್ಲ. ಹಾಗಾದರೆ ಇಲ್ಲಿ, ಕನ್ನಡದಲ್ಲಿ ತಪ್ಪೊಪ್ಪಿಕೊಳ್ಳುವುದು ಧೈರ್ಯವೋ, ಅಥವಾ ಅಡಗಿಕೊಳ್ಳಲು ಇನ್ನೊಂದು ಜಾಗವೋ? ನಿಮ್ಮ ಮುಂದೆ ಅತ್ತು, ಹಗುರಾಗಿ, ನಾಳೆ ಮತ್ತೆ ಆ ಖಾನೆಯನ್ನು ಮುಚ್ಚಿಯೇ ಇಡಬಹುದಲ್ಲ?

ಅದಕ್ಕೇ ನಿನ್ನೆ ಪತ್ರ ಬರೆದೆ. ಪತ್ರಿಕೆಯ ಸಂಪಾದಕರಿಗೆ ಒಂದು, ಮೂರು ಪ್ರಯೋಗಾಲಯಗಳಿಗೆ ಮೂರು. ಲೇಖನದ ಕೋಶಗಳು ಆ ರೋಗಿಯವಲ್ಲ, ಬೆರಕೆ ಆದದ್ದು ನನ್ನ ಕೈಯಿಂದ. ಇದನ್ನು ಮೊದಲು ಕಂಡು, ೨೦೦೪ರ ಜೂನಿನಲ್ಲಿಯೇ ಹೇಳಿದವರು ನಮ್ಮ ಪ್ರಯೋಗಾಲಯದ ಅಮರಯ್ಯ. ಮೂಲ ಕೋಶಗಳನ್ನು ಉಳಿಸಿದವರೂ ಅವರೇ. ಹೀಗೆ ಬರೆದಿದ್ದೇನೆ. ಸಹಿ ಮಾಡಿದ ಮೂಲಪತ್ರ ಅಂಚೆಯಲ್ಲೇ ಬರಬೇಕೆಂಬುದು ಆ ಪತ್ರಿಕೆಯ ನಿಯಮ. ಸಹೋದ್ಯೋಗಿ ನಿನ್ನೆಯೇ ಸಹಿ ಹಾಕಿದರು. ಮುಖ್ಯಸ್ಥರ ಜಾಗ ಖಾಲಿಯಿದೆ. ಇವತ್ತು ಬೆಳಿಗ್ಗೆ ಅವರಿಗೆ ಫೋನ್ ಮಾಡಿದೆ, ಇಂಗ್ಲಿಷಿನಲ್ಲಿಯೇ ಹೇಳಿದೆ — ನಿಮ್ಮ ಸಹಿ ಇದ್ದರೂ ಇಲ್ಲದಿದ್ದರೂ ನಾಳೆ ಕಳಿಸುತ್ತೇನೆ, ಅಂತ. ಅವರು, ಒಂಬತ್ತಕ್ಕೆ ಪತ್ರ ತಗೊಂಡು ಬನ್ನಿ, ಅಂದರು. ಅದರ ಅರ್ಥ ಏನೋ ನನಗೆ ಗೊತ್ತಿಲ್ಲ. ಅಂಚೆ ಕಚೇರಿ ತೆರೆಯುವುದು ಹತ್ತಕ್ಕೆ.

ನಿನ್ನೆ ಸಂಜೆ ಶಂಕ್ರಮ್ಮನವರ ಮನೆಗೆ ಹೋಗಿ, ಇದೆಲ್ಲವನ್ನೂ ಹೇಳಿ, ಸಭೆಯಲ್ಲಿ ಹೇಳಲೇ ಅಂತ ಕೇಳಿದೆ. "ಹೇಳ್ರಿ," ಅಂದರು. "ಅವ್ರು ಕೇಳೂ ಮುಂದ ಹೇಳಿದ್ರ ಬ್ಯಾರೆ ಇತ್ತು. ಇರಲಿ. ನಾವರ ಕೇಳ್ತೀವಿ."

ಕ್ಷಮಿಸಿದೆ ಅಂತ ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ತೊಟ್ಟಿಯ ತಳದಲ್ಲಿ ಹಸಿರು ಬೊಟ್ಟಿನ ಇನ್ನೊಂದು ಕೊಳವೆ ಹಾಗೇ ಇದೆ, ಅಮರಯ್ಯನವರು "ಮರೆತದ್ದು". ಅದನ್ನು ಎಬ್ಬಿಸಬೇಕು. ಅವು ನಿಧಾನದವು. ಮುಂಜಾನೆಯೇ ಮುಟ್ಟಬೇಕು, ಹೊಸ ನೀರಿನಲ್ಲಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲೋಣ. ಕಂಡದ್ದನ್ನು ಕಂಡ ಹಾಗೆ ಹೇಳಿ, ಕೇಳದವರಿಗಾಗಿ ಕಾದ ಒಬ್ಬ ಮನುಷ್ಯನಿಗಾಗಿ ಒಂದು ನಿಮಿಷ ಮೌನವಾಗಿರೋಣ. ಬಾಟಲಿಯ ಮೇಲೆ ನಾನು ಹೆಸರು ಬರೆಯಗೊಡದ ಆ ತಾಯಿಯನ್ನೂ ನೆನೆಯೋಣ. ಮೌನ ಮುಗಿದ ಮೇಲೆ ನಾನು ಮತ್ತೆ ಮಾತಾಡುವುದಿಲ್ಲ. ಅದಕ್ಕೆ ಕೊನೆಯ ಮಾತನ್ನು ಈಗಲೇ ಹೇಳಿಬಿಡುತ್ತೇನೆ.

ಆ ನೋಟುಬುಕ್ಕಿನಲ್ಲಿ "ಮೇಡಂ ಹೇಳ್ತಾರ" ಅನ್ನುವ ಸಾಲಿನ ಕೆಳಗೆ ಒಂದು ಸಾಲು ಖಾಲಿಯಿದೆ. ಅವರು ಯಾವತ್ತೂ ಸಾಲು ಬಿಟ್ಟು ಬರೆದವರಲ್ಲ. ಅಲ್ಲೊಂದೇ ಕಡೆ ಬಿಟ್ಟಿದ್ದಾರೆ. ಅಲ್ಲಿ ಬರೆಯಲು ಶಾಂಭವಿಯ ಅನುಮತಿ ಕೇಳಿದೆ. ಬರೆಯಿರಿ, ಆದರೆ ರಸೀದಿ ತಂದು ತೋರಿಸಿ, ಅಂದಳು. ಅಪ್ಪನ ಮಗಳು. ನಾಳೆಯ ತಾರೀಕು ಹಾಕಿ ಆ ಸಾಲು ಬರೆದಿದ್ದೇನೆ, ರಸೀದಿಯನ್ನು ನಾಳೆ ಅದೇ ಪುಟದಲ್ಲಿಡುತ್ತೇನೆ.

ಸಾಬಮ್ಮನ ಬಾಟಲಿಯ ಪತ್ರ, ಅಂಚೆಗೆ: ಸೋಮವಾರ, ೨೧ ಜನವರಿ ೨೦೦೮.